ದಿನಸಿ ತಿಂಗಳಿಗೊಮ್ಮೆ ತರೋದಾ, ಬೇಕಾದಾಗ ತರೋದಾ?

ಹೊಸ ಒಲೆ:
ಮನೆಯಲ್ಲಿ ನಾವಿಬ್ಬರೇ, ಇಬ್ಬರೂ ಕೆಲಸಕ್ಕೆ ಹೋಗುವವರು. ದೊಡ್ಡ ಪ್ಯಾಕೆಟ್ ಅಗ್ಗ ಅಂತ ತಿಂಗಳ ಸಾಮಾನೆಲ್ಲ ಒಟ್ಟಿಗೇ ತರುತ್ತೇವೆ. ತಿಂಗಳ ಕೊನೆಗೆ ನೋಡಿದರೆ ಹಿಟ್ಟಿನಲ್ಲಿ ಹುಳ, ಮಸಾಲೆ ಪುಡಿಗೆ ವಾಸನೆಯೇ ಇಲ್ಲ, ಕೊತ್ತಂಬರಿ ಸೊಪ್ಪು ಕವರಿನೊಳಗೇ ಕೊಳೆತು ನೀರಾಗಿರುತ್ತದೆ. ಇಷ್ಟೆಲ್ಲ ತಂದಿಟ್ಟರೂ ಒಲೆ ಮುಂದೆ ನಿಂತಾಗ ಏನೋ ಒಂದು ಇರುವುದೇ ಇಲ್ಲ. ಯಾವುದನ್ನು ಒಟ್ಟಿಗೆ ತರಬೇಕು, ಯಾವುದನ್ನು ಸ್ವಲ್ಪ ಸ್ವಲ್ಪ? ಇನ್ನೊಂದು ವಿಷಯ. ಹೊಸ ಅಡುಗೆ ನೋಡಿದಾಗಲೆಲ್ಲ ಅದಕ್ಕೆಂದೇ ಒಂದು ಬಾಟಲಿ ಮನೆಗೆ ಬರುತ್ತದೆ. ಒಂದು ಚಮಚ ಬಳಸಿದ ಮೇಲೆ ಅದರ ಕಡೆ ಯಾರೂ ತಿರುಗಿ ನೋಡುವುದಿಲ್ಲ. ಇದಕ್ಕೇನು ಮಾಡೋದು?

ಡಬ್ಬಿ ತುಂಬಾ:
ತಿಂಗಳ ಲೆಕ್ಕ ಬಿಡಿ. ಯಾವುದು ಎಷ್ಟು ದಿನ ತಡೆಯುತ್ತೆ ಅನ್ನೋದನ್ನ ನೋಡಿ ತನ್ನಿ. ಉಪ್ಪು, ಸಕ್ಕರೆ, ಬಿಳಿ ಅಕ್ಕಿ ಎಷ್ಟು ತಂದರೂ ನಡೆಯುತ್ತೆ, ಒಣಗಿರಬೇಕು ಅಷ್ಟೇ. ಇಡೀ ಗೋಧಿ ಹಿಟ್ಟು ಹಾಗಲ್ಲ. ಗೋಧಿಯ ಮೊಳಕೆ ಭಾಗದಲ್ಲಿ ಎಣ್ಣೆ ಅಂಶ ಇರುತ್ತೆ, ಬೀಸಿದ ಮೇಲೆ ಅದು ಗಾಳಿ ತಾಗಿ ಕಮಟು ಹಿಡಿಯುತ್ತೆ, ಹಾಗಾಗಿ ಮೈದಾ ಉಳಿದಷ್ಟು ದಿನ ಇದು ಉಳಿಯೋದಿಲ್ಲ. ಹುಳದ ಮೊಟ್ಟೆ ಎಷ್ಟೋ ಸಲ ಅಂಗಡಿಯಿಂದಲೇ ಜೊತೆಗೆ ಬಂದಿರುತ್ತೆ. ತಂದ ಹಿಟ್ಟನ್ನು ಗಾಳಿಯಾಡದ ಹಾಗೆ ಕಟ್ಟಿ ಫ್ರೀಜರಿನಲ್ಲಿ, ಅಂದ್ರೆ ಮೈನಸ್ 18 ಡಿಗ್ರಿಯಲ್ಲಿ, 4 ದಿನ ಇಡಿ. ಹುಳವೂ ಸಾಯುತ್ತೆ, ಮೊಟ್ಟೆಯೂ ಸಾಯುತ್ತೆ. ಹೊರಗೆ ತೆಗೆದ ತಕ್ಷಣ ಬಿಚ್ಚಬೇಡಿ, ತಣ್ಣಗಿರುವ ಹಿಟ್ಟಿಗೆ ಗಾಳಿಯ ತೇವ ಕೂತು ಗಂಟಾಗುತ್ತೆ. ಮಾಮೂಲಿ ಬಿಸಿಗೆ ಬರಲಿ, ಆಮೇಲೆ ಬಿಚ್ಚಿ.

ಮಸಾಲೆ ಪುಡಿಯ ದೊಡ್ಡ ಪ್ಯಾಕೆಟ್ ಇಬ್ಬರ ಮನೆಗೆ ಶುದ್ಧ ದಂಡ, ಎಷ್ಟೇ ಅಗ್ಗ ಇರಲಿ. ಘಮ ಬರೋದು ಆರಿಹೋಗುವ ಎಣ್ಣೆಗಳಿಂದ. ಕಾಳಿನೊಳಗೆ ಅವು ಭದ್ರವಾಗಿರುತ್ತವೆ, ಪುಡಿ ಮಾಡಿದ ಕ್ಷಣದಿಂದ ಹಾರಿಹೋಗೋಕೆ ಶುರು. ಮೆಣಸು, ಜೀರಿಗೆ, ಧನಿಯಾ ಇಡಿಯಾಗಿ ತಂದು ಬೇಕಾದಷ್ಟೇ ಕುಟ್ಟಿಕೊಳ್ಳಿ. ಡಬ್ಬಿಯನ್ನು ಒಲೆಯ ಪಕ್ಕ ಮಾತ್ರ ಇಡಬೇಡಿ. ಕೈಗೆ ಸಿಗುತ್ತೆ ನಿಜ, ಬಿಸಿ ಮತ್ತು ಆವಿ ಎರಡೂ ಅಲ್ಲೇ ಇರೋದು.

ಚೀಲ ಮರೆತವರು:
ಆದ್ರೆ ಎಲ್ಲಾನೂ ಸ್ವಲ್ಪ ಸ್ವಲ್ಪ ತರೋಕೆ ಹೊರಟರೆ ದಿನಾ ಅಂಗಡಿಗೆ ಓಡಬೇಕು, ಹೋದಾಗಲೆಲ್ಲ ಬೇಡದ್ದೂ ನಾಲ್ಕು ಚೀಲಕ್ಕೆ ಬೀಳುತ್ತೆ. ನಾನಂತೂ ಅದಕ್ಕೆ ಒಪ್ಪಲ್ಲ. ಒಣ ಸಾಮಾನು ತಿಂಗಳಿಗೊಮ್ಮೆ, ತರಕಾರಿ ವಾರಕ್ಕೊಮ್ಮೆ, ಸೊಪ್ಪು ಒಂದು ಮಾತ್ರ ಬೇಕಾದಾಗ. ದೊಡ್ಡ ಪ್ಯಾಕೆಟ್ ಯಾವಾಗಲೂ ಅಗ್ಗ ಅನ್ನೋದೂ ಸುಳ್ಳು. 100 ಗ್ರಾಂಗೆ ಎಷ್ಟು ಬೀಳುತ್ತೆ ಅಂತ ಭಾಗಿಸಿ ನೋಡಿ, ಎಷ್ಟೋ ಸಲ ಮಧ್ಯದ ಸೈಜೇ ಗೆಲ್ಲುತ್ತೆ. ಇನ್ನು ಪ್ಯಾಕೆಟ್ ಮೇಲಿನ ಪದಾರ್ಥಗಳ ಪಟ್ಟಿ ಓದಿ. ತೂಕದಲ್ಲಿ ಯಾವುದು ಜಾಸ್ತಿಯೋ ಅದೇ ಮೊದಲು ಬರುತ್ತೆ. ಮಸಾಲೆ ಅಂತ ಕೊಂಡಿದ್ದರಲ್ಲಿ ಉಪ್ಪೇ ಮೊದಲಿದ್ದರೆ ನೀವು ದುಡ್ಡು ಕೊಟ್ಟಿದ್ದು ಉಪ್ಪಿಗೆ!

ಹೊಸ ಒಲೆ:
ಇಡಿ ಮಸಾಲೆ ಮಾತು ಒಪ್ಪಿದೆ. ಹಾಗಾದ್ರೆ ಒಣ ಕಾಳುಗಳನ್ನು ಧೈರ್ಯವಾಗಿ ಜಾಸ್ತಿ ತರಬಹುದು ಅಲ್ವಾ? ನಮ್ಮಲ್ಲಿರೋದು ರಾತ್ರಿಯಿಡೀ ನೆನೆಸಿದರೂ ಕೆಲವು ಕಾಳು ಕಲ್ಲಿನಂತೇ ಇರುತ್ತವೆ.

ನೆನೆಸಿಟ್ಟ ಕಾಳು:
ಅದು ಹಳೇ ಕಾಳು. ಕೆಡಲ್ಲ, ಆದ್ರೆ ಬಿಸಿ ಮತ್ತು ತೇವ ಇರುವ ಕಡೆ ಹೆಚ್ಚು ದಿನ ಕೂತರೆ ಒಳಗೆ ಗಟ್ಟಿಯಾಗಿಬಿಡುತ್ತೆ, ಆಮೇಲೆ ಎಷ್ಟು ಬೇಯಿಸಿದರೂ ಸರಿಯಾಗಿ ಮೆತ್ತಗಾಗಲ್ಲ. ಕೊಳ್ಳುವಾಗ ಪ್ಯಾಕ್ ಮಾಡಿದ ದಿನ ನೋಡಿ. ಸುಕ್ಕಾಗಿದ್ದು, ಒಡೆದಿದ್ದು, ತಳದಲ್ಲಿ ಪುಡಿ ಬಿದ್ದಿದ್ದು ಬೇಡ. ಹಳೇದರ ಮೇಲೆ ಹೊಸದನ್ನು ಸುರಿಯೋ ಅಭ್ಯಾಸ ಇದ್ದರೆ ಬಿಡಿ, ಒಂದೇ ಪಾತ್ರೆಯಲ್ಲಿ ಅರ್ಧ ಕರಗಿ ಅರ್ಧ ಕಟಕಟ ಅನ್ನುತ್ತೆ. ನೆನೆಸೋ ನೀರಿಗೆ ಸ್ವಲ್ಪ ಉಪ್ಪು ಹಾಕಿದರೆ ಸಿಪ್ಪೆ ಮೆತ್ತಗಾಗುತ್ತೆ. ಟೊಮೇಟೊ ಅಥವಾ ಬೇರೆ ಯಾವ ಹುಳಿಯಾದರೂ ಕಾಳು ಬೆಂದ ಮೇಲೇ ಹಾಕಿ, ಮೊದಲೇ ಬಿದ್ದರೆ ಬೇಯೋದು ನಿಧಾನ. ನೀರು ಗಡಸಾಗಿದ್ದರೂ ಇದೇ ಕಥೆ.

ಬುಟ್ಟಿ ತಳ:
ತರಕಾರಿ ಬಗ್ಗೆ ಯಾರೂ ಹೇಳಲಿಲ್ಲ. ಆಲೂಗಡ್ಡೆ ಕತ್ತಲಲ್ಲಿ ಇರಲಿ, ಬೆಳಕು ಬಿದ್ದರೆ ಹಸಿರಾಗುತ್ತೆ. ಹಸಿರಾದ ಕಡೆ ಸೋಲನಿನ್ ಅನ್ನೋ ವಿಷ ಜಾಸ್ತಿ ಇರುತ್ತೆ, ಬೇಯಿಸಿದರೂ ಹೋಗಲ್ಲ. ಈರುಳ್ಳಿ ಅದರ ಪಕ್ಕದಲ್ಲಿ ಬೇಡ. ಸೇಬು, ಮಾಗಿದ ಬಾಳೆಹಣ್ಣು ಎಥಿಲೀನ್ ಗಾಳಿ ಬಿಡುತ್ತವೆ, ಸೊಪ್ಪು ಹತ್ತಿರ ಇದ್ದರೆ ಬೇಗ ಹಳದಿ. ಕೊತ್ತಂಬರಿ ತಂದ ಕೂಡಲೇ ಕಟ್ಟು ಬಿಚ್ಚಿ. ಆ ದಾರದ ಕೆಳಗೆ ಒತ್ತಿಕೊಂಡಿರೋ ನಾಲ್ಕು ಎಲೆ ಮೊದಲು ಕಪ್ಪಾಗೋದು, ಅಲ್ಲಿಂದಲೇ ಉಳಿದದ್ದಕ್ಕೂ ಹರಡೋದು. ಅವನ್ನು ಕಿತ್ತು, ತೊಳೆಯದೆ, ಬಟ್ಟೆಯಲ್ಲಿ ಸುತ್ತಿಡಿ.

ಆ ಒಂದು ಚಮಚದ ಬಾಟಲಿಗಳ ವಿಷಯ: ಕೊಳ್ಳೋ ಮೊದಲು ಅದೇ ಸಾಮಾನು ಬೀಳುವ ಇನ್ನೆರಡು ಅಡುಗೆ ನೆನಪಿಗೆ ಬರುತ್ತಾ ನೋಡಿ. ಬರದಿದ್ದರೆ ಆ ಸಾಮಾನು ಕೊಡೋದು ಏನು, ಹುಳಿಯಾ, ಸಿಹಿಯಾ, ಖಾರವಾ ಅಂತ ಯೋಚಿಸಿ, ಮನೆಯಲ್ಲಿರೋದನ್ನೇ ಹಾಕಿ. ವಿನೆಗರ್ ಇಲ್ಲ ಅಂದ್ರೆ ನಿಂಬೆಹಣ್ಣು. ಬೇಕಿಂಗ್ ಪೌಡರ್ ಮಾತ್ರ ಹೀಗೆ ಬದಲಾಯಿಸೋಕೆ ಹೋಗಬೇಡಿ, ಅಲ್ಲಿ ಅಳತೆ ತಪ್ಪಿದರೆ ಉಬ್ಬೋದೇ ಇಲ್ಲ.