ನಾಲ್ಕು ತುಂಡಿನ ಮೀನಿನ ರಾಡ್‌ಗೆ ಚುಕ್ಕಿ ಗುರುತು: ಮಾಡಿದವರು ಹೇಳಿ

ಪ್ರಶ್ನೆ, ಬಾಗಲಕೋಟೆಯಿಂದ:

ನಾಲ್ಕು ತುಂಡಿನ ಕಾರ್ಬನ್ ರಾಡ್ ತಗೊಂಡಿದ್ದೇನೆ. ಬೈಕಿನಲ್ಲಿ ಅಲಮಟ್ಟಿ ಹಿನ್ನೀರಿನ ಕಡೆ ಒಯ್ಯಲು ಆರಾಮ. ಆದರೆ ನಸುಕಿನಲ್ಲಿ ಜೋಡಿಸುವಾಗ ದಾರ ಹಾಯುವ ರಿಂಗುಗಳು ಒಂದೇ ಸಾಲಿಗೆ ಬಂದಿವೆಯೋ ಇಲ್ಲವೋ ಗೊತ್ತಾಗುವುದಿಲ್ಲ. ಸ್ವಲ್ಪ ಹೊತ್ತು ಗಾಳ ಎಸೆದ ಮೇಲೆ ನೋಡಿದರೆ ತುದಿ ತುಂಡು ತಿರುಗಿರುತ್ತದೆ. ಜಾಯಿಂಟಿನ ಹತ್ತಿರ ಚುಕ್ಕಿ ಇಡೋಣ ಅಂತಿದ್ದೇನೆ. ಯಾವ ಬಣ್ಣ, ಎಲ್ಲಿ, ಹೇಗೆ?

ಗೋಕಾಕದಿಂದ:

ಬಣ್ಣ ಆಮೇಲೆ, ಮೊದಲು ಸಾಲು ನೋಡಿಕೊಳ್ಳಿ ಸರ್. ಸೊಟ್ಟ ಇದ್ದಾಗ ಚುಕ್ಕಿ ಇಟ್ಟರೆ ಮುಂದೆ ಪ್ರತಿ ಸಲವೂ ಸೊಟ್ಟಗೇ ಜೋಡಿಸುತ್ತೀರಿ. ಒಳ್ಳೆ ಬೆಳಕಿನಲ್ಲಿ ರೀಲ್ ಹಾಕಿ ರಾಡ್ ಪೂರ್ತಿ ಜೋಡಿಸಿ. ರಿಂಗು ಮೇಲಕ್ಕೆ ಮಾಡಿ, ಹಿಡಿಕೆ ಕಡೆಯಿಂದ ಒಂದು ಕಣ್ಣು ಮುಚ್ಚಿ ನೋಡಿ. ರೀಲಿನ ಕಾಲು (ರಾಡಿಗೆ ಕೂರುವ ಭಾಗ), ಬುಡದ ದೊಡ್ಡ ರಿಂಗು, ತುದಿಯ ಸಣ್ಣ ರಿಂಗು ಒಂದೇ ಗೆರೆಗೆ ಬರಬೇಕು. ಹಿಡಿಕೆ ತುಂಡಿಗೆ ರಿಂಗೇ ಇಲ್ಲದಿದ್ದರೆ ರೀಲಿನ ಕಾಲೇ ಆಧಾರ. ಕೆಲವು ರಾಡ್ ಕಡ್ಡಿಯೇ ತುಸು ಬಾಗಿರುತ್ತದೆ, ಅದನ್ನು ನೋಡಿ ತಲೆಕೆಡಿಸಿಕೊಳ್ಳಬೇಡಿ. ದಾರ ಓಡುವುದು ರಿಂಗಿನೊಳಗೆ, ಆದ್ದರಿಂದ ರಿಂಗಿನ ಸಾಲನ್ನೇ ಹಿಡಿಯಿರಿ.

ಸಾಲು ತಪ್ಪಿದರೆ ದಾರ ರಿಂಗಿನ ಒಂದೇ ಮಗ್ಗುಲಿಗೆ ಉಜ್ಜುತ್ತಾ ಹೋಗುತ್ತದೆ, ಎಸೆತವೂ ಗಿಡ್ಡ ಆಗುತ್ತದೆ. ದೊಡ್ಡ ಕಾಟ್ಲಾ ಎಳೆದಾಗ ಜಾಯಿಂಟು ಇನ್ನಷ್ಟು ತಿರುಗುತ್ತದೆ.

ವಿಜಯಪುರದಿಂದ:

ಚುಕ್ಕಿ ಇಡುವ ಕೆಲಸ ಹೇಳುತ್ತೇನೆ. ಬಿಳಿ ಅಥವಾ ತಿಳಿ ಹಳದಿ ನೇಲ್ ಪಾಲಿಶ್ ಸಾಕು. ಕಪ್ಪು ರಾಡಿನ ಮೇಲೆ ತಲೆಗೆ ಕಟ್ಟುವ ಟಾರ್ಚಿನ ಬೆಳಕಿಗೆ ಚೆನ್ನಾಗಿ ಕಾಣುತ್ತದೆ. ಕೆಂಪು ಬೇಡ, ಕತ್ತಲಲ್ಲಿ ಅದೂ ಕಪ್ಪೇ. ಬಾಟಲಿಯ ಬ್ರಷ್ ದಪ್ಪ, ಅದರಿಂದ ಇಡಲು ಹೋಗಬೇಡಿ. ಉರಿದು ಉಳಿದ ಊದುಬತ್ತಿಯ ಕಡ್ಡಿ ಇರುತ್ತದಲ್ಲ, ಅದರ ತುದಿ ಅದ್ದಿ ಒತ್ತಿದರೆ ಸಾಸಿವೆಯಷ್ಟು ದುಂಡನೆ ಚುಕ್ಕಿ ಬೀಳುತ್ತದೆ.

ಜೋಡಿಸಿದ ಸ್ಥಿತಿಯಲ್ಲೇ ಜಾಯಿಂಟಿನ ಆಚೆ ಒಂದು, ಈಚೆ ಒಂದು. ನಡುವೆ ಅರ್ಧ ಸೆಂಟಿಮೀಟರ್ ಬಿಡಿ. ಎರಡಕ್ಕೂ ಸೇರಿಸಿ ಒಂದೇ ಗೆರೆ ಎಳೆದರೆ ಬಣ್ಣ ಸಂದಿಗೆ ಇಳಿದು ಎರಡೂ ತುಂಡು ಅಂಟಿಕೊಳ್ಳುತ್ತವೆ. ಒಳಗೆ ಹೋಗುವ ಭಾಗದ ಮೇಲಂತೂ ಬಣ್ಣ ಸೋಕಲೇಬಾರದು.

ನಾಲ್ಕು ತುಂಡು ಎಂದರೆ ಮೂರು ಜಾಯಿಂಟು. ಹಿಡಿಕೆ ಕಡೆಯದಕ್ಕೆ ಒಂದೊಂದು ಚುಕ್ಕಿ, ನಡುವಿನದಕ್ಕೆ ಎರಡೆರಡು, ಮೇಲಿನದಕ್ಕೆ ಮೂರು ಮೂರು ಇಟ್ಟರೆ ಯಾವ ತುಂಡು ಯಾವುದಕ್ಕೆ ಅಂತ ಹುಡುಕುವುದೂ ತಪ್ಪುತ್ತದೆ. ನಿಮ್ಮದು ಸ್ಪಿನ್ನಿಂಗ್ ರೀಲ್ ಆಗಿದ್ದರೆ ರಿಂಗು ಕೆಳಗಿರುತ್ತವೆ. ಅದಕ್ಕೇ ಚುಕ್ಕಿ ರಿಂಗಿನ ಎದುರು ಬದಿಗೆ, ಅಂದರೆ ಮೇಲೆ ಇರಲಿ. ಎಸೆಯುತ್ತಿರುವಾಗಲೇ ಕಣ್ಣಿಗೆ ಬೀಳಬೇಕು, ಅಲ್ವಾ?

ಬಾಗಲಕೋಟೆಯಿಂದ, ಕೇಳಿದವರೇ:

ಮನೆಯಲ್ಲಿ ವೈಟ್ನರ್ ಪೆನ್ ಇದೆ, ನಡೆಯುತ್ತಾ? ಚುಕ್ಕಿ ಕೆಟ್ಟರೆ ರಿಮೂವರ್‌ನಿಂದ ಒರೆಸಬಹುದಾ?

ವಿಜಯಪುರದಿಂದ:

ವೈಟ್ನರ್ ಬೇಗ ಉದುರುತ್ತದೆ. ಅದೇ ಬೇಕೆಂದರೆ ಮೇಲೆ ಬಣ್ಣವಿಲ್ಲದ ನೇಲ್ ಪಾಲಿಶ್ ಒಂದು ಪದರ ಕೊಡಿ. ರಿಮೂವರ್ ಬೇಡವೇ ಬೇಡ. ಅದರಲ್ಲಿ ಅಸಿಟೋನ್ ಇದ್ದರೆ ರಾಡಿನ ಹೊಳಪಿನ ಪದರವನ್ನೂ ಮೆತ್ತಗೆ ಮಾಡುತ್ತದೆ. ಕೆಟ್ಟ ಚುಕ್ಕಿ ಒಣಗಲಿ, ಆಮೇಲೆ ಉಗುರಿನಿಂದ ಎಬ್ಬಿಸಿ. ಬ್ಲೇಡ್ ಹಚ್ಚಬೇಡಿ. ಕಾರ್ಬನ್‌ಗೆ ಗೀರು ಬಿದ್ದ ಜಾಗವೇ ಮುಂದೆ ಮುರಿಯುವ ಜಾಗ.

ಬಾಗಲಕೋಟೆ ನವನಗರದಿಂದ:

ಎಲ್ಲರೂ ಚುಕ್ಕಿಯ ಹಿಂದೆ ಬಿದ್ದಿದ್ದಾರೆ. ತುಂಡು ತಿರುಗುವುದನ್ನು ಚುಕ್ಕಿ ತೋರಿಸುತ್ತದೆ, ನಿಲ್ಲಿಸುವುದಿಲ್ಲ. ನಮ್ಮ ಹಿನ್ನೀರಿನ ದಂಡೆಯ ಎರಿ ಮಣ್ಣು ಗೊತ್ತಲ್ಲ, ಸುಮ್ನೆ ಕೈಗೆ ಹತ್ತಿದರೂ ಸಾಕು, ಜಾಯಿಂಟಿನೊಳಗೆ ಹೋಗಿ ಕೂರುತ್ತದೆ. ಮೊದಲು ಒಳಗೂ ಹೊರಗೂ ಒಣ ಬಟ್ಟೆಯಿಂದ ಒರೆಸಿ. ಒಳ ಹೋಗುವ ಭಾಗಕ್ಕೆ ಮೇಣದ ಬತ್ತಿಯನ್ನು ತೆಳ್ಳಗೆ ಉಜ್ಜಿ. ಎಣ್ಣೆ ಬೇಡ, ಅದು ಮಣ್ಣು ಹಿಡಿಯುತ್ತದೆ.

ಜೋಡಿಸುವಾಗ ಚುಕ್ಕಿಗಳನ್ನು ಕಾಲು ಸುತ್ತು ಆಚೀಚೆ ಇಟ್ಟು, ಒಳಗೆ ಒತ್ತುತ್ತಾ ತಿರುಗಿಸಿ ಸಾಲಿಗೆ ತನ್ನಿ. ಹಿಡಿತ ಗಟ್ಟಿ. ತಿರುಗಿಸದೆ ನೇರ ಒತ್ತಿ ಅನ್ನುವ ಕಂಪನಿಗಳೂ ಇವೆ, ರಾಡಿನ ಜೊತೆ ಬಂದ ಚೀಟಿ ಓದಿ. ಇನ್ನೊಂದು ಮಾತು. ಕೆಲವು ರಾಡಿನಲ್ಲಿ ಗಟ್ಟಿಯಾಗಿ ಕೂತ ಮೇಲೂ ಎರಡು ತುಂಡಿನ ನಡುವೆ ಸ್ವಲ್ಪ ಸಂದು ಉಳಿಯುತ್ತದೆ. ಸವೆದಂತೆ ಒಳಗೆ ಸರಿಯಲು ಬೇಕೆಂದೇ ಬಿಟ್ಟ ಜಾಗ ಅದು. ಅದನ್ನು ಮುಚ್ಚಬೇಕೆಂದು ಜೋರು ಮಾಡಬೇಡಿ. ತುಂಡು ಒಳ ಸರಿದರೂ ಚುಕ್ಕಿಗಳ ಸಾಲು ತಪ್ಪುವುದಿಲ್ಲ, ಹತ್ತಿರ ಆಗುತ್ತವೆ ಅಷ್ಟೇ.

ಸವದತ್ತಿಯಿಂದ:

ನವಿಲುತೀರ್ಥದ ಕಡೆ ನಮ್ಮ ಹುಡುಗರ ಹತ್ತಿರ ಜಾಸ್ತಿ ಇರುವುದು ಎಳೆದು ಉದ್ದ ಮಾಡುವ ಟೆಲಿಸ್ಕೋಪಿಕ್ ರಾಡ್. ಅಂಥವರು ಈ ನೇಲ್ ಪಾಲಿಶ್ ಉಪಾಯ ಮಾಡಬೇಡಿ. ಒಳಗಿನ ತುಂಡು ಪೂರ್ತಿ ಹೊರಗಿನದರೊಳಗೆ ಇಳಿಯಬೇಕಲ್ಲ, ಉಬ್ಬಿದ ಚುಕ್ಕಿ ಅಲ್ಲೇ ಕೆರೆಯುತ್ತದೆ. ಬೆಳ್ಳಿ ಬಣ್ಣದ ಪರ್ಮನೆಂಟ್ ಮಾರ್ಕರಿನಲ್ಲಿ ತೆಳ್ಳನೆ ಗೀಟು ಎಳೆಯಿರಿ. ಅಳಿಸಿದಂತೆಲ್ಲ ಮತ್ತೆ ಎಳೆದರಾಯಿತು. ಮತ್ತೆ, ಕಾರ್ಬನ್‌ನಲ್ಲಿ ಕರೆಂಟ್ ಹರಿಯುತ್ತದೆ. ದಂಡೆಯುದ್ದಕ್ಕೂ ಪಂಪ್‌ಸೆಟ್ ತಂತಿ ಇರುತ್ತವೆ. ಸಾಲು ನೋಡಲು ರಾಡ್ ಎತ್ತುವ ಮುಂಚೆ ತಲೆ ಮೇಲೆ ಏನಿದೆ ಅಂತ ಒಮ್ಮೆ ನೋಡ್ರಿ.