ರೆಕ್ಕೆಯ ದೇವಿ, ಕಾಲಡಿ ಸೆರೆಯಾಳು: ಈ ರೋಮನ್ ನಾಣ್ಯ ಯಾರದು?

ದುರ್ಗದ_ಹುಡುಗ:
ಎಲ್ಲರಿಗೂ ನಮಸ್ಕಾರ. ನಮ್ಮೂರು ಚಿತ್ರದುರ್ಗ, ಈಗ ವಿಯೆನ್ನಾದಲ್ಲಿ ಕೆಲಸ. ಚಂದ್ರವಳ್ಳಿಯಲ್ಲಿ ರೋಮನ್ ನಾಣ್ಯ ಸಿಕ್ಕಿದ ವಿಷಯ ಕೇಳಿಕೊಂಡೇ ಬೆಳೆದವನು, ಹಾಗಾಗಿ ಹೋದ ತಿಂಗಳು ಇಲ್ಲಿನ ನಾಣ್ಯ ಮೇಳದಲ್ಲಿ ಒಂದು ಕಂಡಾಗ ಬಿಡೋಕೆ ಮನಸ್ಸಾಗಲಿಲ್ಲ. ಮಾರಿದವರು ಕೊಟ್ಟ ಚೀಟಿಯಲ್ಲಿ "ಮಾರ್ಕಸ್ ಆರೇಲಿಯಸ್, ಯುದ್ಧ ವಿಜಯ" ಅಂತಿದೆ. ಮೂರು ಸಂಜೆ ಆ ರೋಮನ್ ಚಕ್ರವರ್ತಿಯ ನಾಣ್ಯಗಳನ್ನೆಲ್ಲ ಜಾಲಾಡಿದೆ, ಒಂದೂ ತಾಳೆಯಾಗುತ್ತಿಲ್ಲ.

ಅಗಲ 19 ಮಿ.ಮೀ., ತೂಕ 3.1 ಗ್ರಾಂ, ತಾಮ್ರದ ಬಣ್ಣ. ಹಿಂಬದಿಯಲ್ಲಿ ರೆಕ್ಕೆಯ ಹೆಂಗಸು ಬಲಕ್ಕೆ ನಡೆಯುತ್ತಿದ್ದಾಳೆ, ಕಾಲಡಿ ಒಬ್ಬ ಮನುಷ್ಯ ಕುಸಿದು ಕೂತಿದ್ದಾನೆ. ಎಡಗಡೆ "ಎ ಆರ್ ಎಂ", ಬಲಗಡೆ "ವಿ ಐ ಸಿ ಟಿ" ಓದಬಹುದು. ಕೆಳಗೆ "ಆರ್ ಎಂ" ಇದೆ. ಅಂದ್ರೆ ರೋಮ್ ಟಂಕಸಾಲೆ ಅಲ್ವಾ? ಮಿಕ್ಕಿದ್ದೆಲ್ಲ ಕೊಳೆಯಲ್ಲಿ ಮುಚ್ಚಿದೆ. ಹುಣಸೆಹಣ್ಣು ಹಾಕಿ ಉಜ್ಜಿಬಿಡಲಾ?

ಹಳೇಕಾಸು:
ಅಯ್ಯೋ, ಹುಣಸೆಹಣ್ಣು ಮುಟ್ಟಿಸಬೇಡಿ! ಹಿತ್ತಾಳೆ ಚೊಂಬಿಗೆ ಸರಿ, ಇದಕ್ಕಲ್ಲ. ಮೇಲಿನ ಪದರ ಕಿತ್ತುಬಂದರೆ ಅದರ ಜೊತೆ ಅಕ್ಷರವೂ ಹೋಗುತ್ತದೆ. ಡಿಸ್ಟಿಲ್ಡ್ ವಾಟರ್‌ನಲ್ಲಿ ನೆನೆಹಾಕಿ, ಹಲ್ಲುಕಡ್ಡಿಯಲ್ಲಿ ನಿಧಾನಕ್ಕೆ ಬಿಡಿಸಿ.

ನಾಣ್ಯ ನಾಲ್ಕನೇ ಶತಮಾನದ ಚಕ್ರವರ್ತಿ ವ್ಯಾಲೆನ್ಸ್ ಕಾಲದ್ದಿರಬಹುದು. ಅವನ ಕಾಲದಲ್ಲಿ ನಡೆಯುವ ವಿಜಯದೇವಿ ಬಹಳ ಸಾಮಾನ್ಯ.

ಟಂಕಸಾಲೆ_ಅಕ್ಕ:
ವ್ಯಾಲೆನ್ಸ್ ಅಲ್ಲ ಅನ್ನಿಸುತ್ತೆ ಸರ್. ಆ ನಾಣ್ಯದಲ್ಲಿ ದೇವಿ ಎಡಕ್ಕೆ ನಡೆಯುತ್ತಾಳೆ, ಕೈಯಲ್ಲಿ ಹೂಮಾಲೆ ಇರುತ್ತದೆ, ಕಾಲಡಿ ಯಾರೂ ಇರುವುದಿಲ್ಲ. ಅವನ ನಂತರದ ಚಕ್ರವರ್ತಿ ಥಿಯೋಡೋಸಿಯಸ್ ಕಾಲಕ್ಕೆ ಬಂದರೆ ದೇವಿ ಸೆರೆಯಾಳನ್ನು ಎಳೆದುಕೊಂಡು ಹೋಗುವ ನಾಣ್ಯ ಸಿಗುತ್ತದೆ, ಆದರೆ ಅದು ತುಂಬಾ ಪುಟ್ಟದು, 13 ಮಿ.ಮೀ. ಆಸುಪಾಸು.

ದುರ್ಗದ ತಮ್ಮಾ, ಚೀಟಿಯನ್ನು ಸದ್ಯಕ್ಕೆ ಪಕ್ಕಕ್ಕಿಟ್ಟು ತಲೆ ಇರುವ ಕಡೆ ನೋಡು. ಗಡ್ಡ ಇದೆಯಾ? ಮಾರ್ಕಸ್ ಆರೇಲಿಯಸ್ ಚಕ್ರವರ್ತಿಯಾಗಿ ಹಾಕಿಸಿದ ನಾಣ್ಯಗಳಲ್ಲಿ ಗುಂಗುರು ಗಡ್ಡ ಇದ್ದೇ ಇರುತ್ತದೆ. ಅವನೂ ಡ್ಯಾನ್ಯೂಬ್ ನದಿಯಾಚೆಯ ಸರ್ಮಾಟಿಯನ್ನರು ಅನ್ನೋ ಜನರ ಜೊತೆ ಕಾದಾಡಿ 175ರಲ್ಲಿ ಸರ್ಮಾಟಿಕಸ್ ಅನ್ನೋ ಬಿರುದು ತಗೊಂಡ. ಚೀಟಿ ಬರೆದವರು "ಎ ಆರ್ ಎಂ" ನೋಡಿ, ಅದು "ಸರ್ಮಾಟಿಯಾ"ದ ತುಂಡು ಅಂದುಕೊಂಡು ಅಲ್ಲಿಗೇ ಹಾರಿರಬೇಕು.

ಬಲಗಡೆಯ "ವಿ ಐ ಸಿ ಟಿ" ಆದಮೇಲೆ ಯಾವ ಅಕ್ಷರ ಬರುತ್ತದೆ ಅನ್ನೋದೇ ಇಲ್ಲಿ ಮುಖ್ಯ. "ಓ" ಬಂದರೆ ವಿಕ್ಟೋರಿಯಾ, ಅಂದರೆ ವಿಜಯ. ನೇರ "ಎ" ಬಂದು ಮುಗಿದರೆ ಅದು "ಡೆವಿಕ್ಟಾ", ಅಂದರೆ ಪೂರ್ತಿ ಸೋತವಳು. ಆಗ ಇಡೀ ಬರಹ "ಸರ್ಮಾಟಿಯಾ ಡೆವಿಕ್ಟಾ" (ಸೋತ ಸರ್ಮಾಟಿಯಾ ನಾಡು) ಆಗುತ್ತದೆ, ಚಕ್ರವರ್ತಿ ಕಾನ್‌ಸ್ಟಂಟೈನ್‌ನದು, 323–324ರದು. 322ರಲ್ಲಿ ಡ್ಯಾನ್ಯೂಬ್ ದಾಟಿ ಬಂದ ಸರ್ಮಾಟಿಯನ್ನರನ್ನು ಅವನು ಸೋಲಿಸಿದ ನೆನಪಿಗೆ ಹಾಕಿಸಿದ್ದು. ನಿಮ್ಮ ವಿಯೆನ್ನಾದಲ್ಲಿ ಹರಿಯುವ ಅದೇ ನದಿ!

ಕೆಳಗಿನದು ರೋಮ್ ಅಂತ ನನಗನ್ನಿಸುವುದಿಲ್ಲ. ಈ ನಾಣ್ಯ ಬಂದಿದ್ದು ಲಂಡನ್, ಟ್ರಿಯರ್, ಲಿಯೋನ್, ಆರ್ಲ್ ಮತ್ತು ಸಿರ್ಮಿಯಂನಿಂದ. ಕತ್ತಲೆ ಕೋಣೆಯಲ್ಲಿ ಮೊಬೈಲ್ ಟಾರ್ಚನ್ನು ಮೇಲಿಂದ ಹಿಡಿಯದೆ ಮೇಜಿನ ಮಟ್ಟಕ್ಕೆ ಪಕ್ಕದಿಂದ ಹಿಡಿ, ನಾಣ್ಯವನ್ನು ನಿಧಾನಕ್ಕೆ ತಿರುಗಿಸು. ಸವೆದ ಅಕ್ಷರಕ್ಕೂ ಸಣ್ಣ ನೆರಳು ಬಿದ್ದೇ ಬೀಳುತ್ತದೆ.

ದುರ್ಗದ_ಹುಡುಗ:
ಅಕ್ಕಾ, ಗಡ್ಡ ಇಲ್ಲ! ನುಣ್ಣನೆ ಗಲ್ಲ, ದೊಡ್ಡ ಕಣ್ಣು, ತಲೆಗೆ ಎಲೆಯ ಕಿರೀಟ. ಎರಡು ದಿನ ನೆನೆಹಾಕಿ ನಿನ್ನೆ ರಾತ್ರಿ ಟಾರ್ಚ್ ಹಿಡಿದೆ. ಬಲಗಡೆ "ಟಿ" ಆದಮೇಲೆ "ಎ", ಅಷ್ಟೇ. ಕೆಳಗೆ "ಆರ್"ಗಿಂತ ಮುಂಚೆ ಒಂದು ಸಣ್ಣ ಉದ್ದ ಗೀರು, ಅದಕ್ಕೂ ಮುಂಚೆ ಅರ್ಧ ಸವೆದ "ಎಸ್". ಎಸ್ ಐ ಆರ್ ಎಂ. ಒಬ್ಬನೇ ಕೂತು ಕೂಗಿಬಿಟ್ಟೆ.

ಟಂಕಸಾಲೆ_ಅಕ್ಕ:
ಸಿರ್ಮಿಯಂ! ಇವತ್ತಿನ ಸೆರ್ಬಿಯಾದ ಸ್ರೆಮ್ಸ್ಕಾ ಮಿಟ್ರೋವಿಟ್ಸಾ. ಯುದ್ಧ ನಡೆದ ಗಡಿಗೆ ಹತ್ತಿರದ ಟಂಕಸಾಲೆ ಅದೇ, 320ರಿಂದ 326ರವರೆಗೆ ಮಾತ್ರ ಕಾನ್‌ಸ್ಟಂಟೈನ್‌ಗೆ ನಾಣ್ಯ ಹೊಡೆಯಿತು. ಐದರಲ್ಲಿ ನನಗೆ ಜಾಸ್ತಿ ಇಷ್ಟವಾದದ್ದು ಇದೇ. ದೇವಿಯ ಕೈಯಲ್ಲಿರುವ ಕಂಬ ಸೋತವರ ಕವಚ, ಆಯುಧ ನೇತುಹಾಕಿದ ವಿಜಯಸ್ತಂಭ. ಇನ್ನೊಂದು ಕೈಯಲ್ಲಿ ಖರ್ಜೂರದ ಗರಿ.

ಹಳೇಕಾಸು:
ನನ್ನ ಊಹೆ ತಪ್ಪಾಯ್ತು, ತಿದ್ದಿದ್ದಕ್ಕೆ ಥ್ಯಾಂಕ್ಸ್ ಮೇಡಂ. ಹಾಗಾದರೆ ವಿಜಯದೇವಿ ಇದ್ದ ಮಾತ್ರಕ್ಕೆ ಯುದ್ಧದ ನಾಣ್ಯ ಅನ್ನೋಕಾಗಲ್ಲವಾ?

ಟಂಕಸಾಲೆ_ಅಕ್ಕ:
ಇಲ್ಲ ಸರ್. ಸುಮ್ನೆ "ಚಕ್ರವರ್ತಿಯ ವಿಜಯ" ಅಂತ ಬರೆದ ನಾಣ್ಯಗಳು ರಾಶಿ ಇವೆ, ಅವುಗಳಿಂದ ಯಾವ ಯುದ್ಧ ಅಂತ ಹೇಳುವುದು ಕಷ್ಟ. ಸೋತ ಜನರ ಅಥವಾ ನಾಡಿನ ಹೆಸರು, ಇಲ್ಲವೇ ಆ ನಾಡಿನ ಗುರುತು ಹುಡುಕಬೇಕು. ಈಜಿಪ್ಟ್ ಗೆದ್ದ ಮೇಲೆ ಆಕ್ಟೇವಿಯನ್ (ಮುಂದೆ ಚಕ್ರವರ್ತಿ ಆಗಸ್ಟಸ್ ಆದವನು) ದಿನಾರಿಯಸ್ ಅನ್ನೋ ಬೆಳ್ಳಿ ನಾಣ್ಯದ ಮೇಲೆ ಮೊಸಳೆ ಹಾಕಿಸಿದ. ಯಹೂದಿಗಳ ನಾಡು ಜುದೇಯಾವನ್ನು ಸೋಲಿಸಿದ ನೆನಪಿಗೆ ಚಕ್ರವರ್ತಿ ವೆಸ್ಪೇಸಿಯನ್ ಹಾಕಿಸಿದ ನಾಣ್ಯದಲ್ಲಿ ಖರ್ಜೂರದ ಮರದಡಿ ಒಬ್ಬ ಹೆಂಗಸು ತಲೆಗೆ ಕೈ ಹಚ್ಚಿ ಅಳುತ್ತಾ ಕೂತಿದ್ದಾಳೆ. ಎಷ್ಟು ಸಲ ನೋಡಿದರೂ ನನ್ನ ಕಣ್ಣು ಗೆದ್ದವನ ಮುಖ ಬಿಟ್ಟು ಅವಳ ಕಡೆಗೇ ಹೋಗುತ್ತದೆ.

ದುರ್ಗದ_ಹುಡುಗ:
ನನ್ನದರಲ್ಲೂ ಆ ಸೆರೆಯಾಳು ತಲೆ ಹಿಂದಕ್ಕೆ ತಿರುಗಿಸಿ ನೋಡುತ್ತಿದ್ದಾನೆ ಅಕ್ಕಾ, ಈಗ ಗಮನಿಸಿದೆ. ಹೊಸ ಚೀಟಿ ಬರೆದು ಹಳೇದನ್ನು ಎಸೆಯಲಾ?

ಟಂಕಸಾಲೆ_ಅಕ್ಕ:
ಬೇಡ ತಮ್ಮಾ. ಎಲ್ಲಿ, ಯಾರ ಹತ್ತಿರ ತಗೊಂಡೆ ಅನ್ನೋದಕ್ಕೆ ಅದೇ ದಾಖಲೆ. ಎರಡನ್ನೂ ನಾಣ್ಯದ ಜೊತೆಗಿಡು, ಕಾಗದದ ಲಕೋಟೆಯಲ್ಲಿ. ಮೆತ್ತನೆ ಪಿವಿಸಿ ಪ್ಲಾಸ್ಟಿಕ್ ಕವರ್ ಬೇಡ, ಅದು ತಾಮ್ರವನ್ನು ತಿನ್ನುತ್ತದೆ.