ತೋಟಕ್ಕೆ ಎಟಿವಿ: 200 ಸಿಸಿ ಸಾಕಾ, 570 ಬೇಕಾ, ಇಲ್ಲ 850ಗೇ ಹೋಗೋದಾ?

ಹೆತ್ತೂರು ರೋಬಸ್ಟಾ:

ಎಲ್ಲರಿಗೂ ನಮಸ್ಕಾರ. ನಮ್ಮದು ಸಕಲೇಶಪುರ ತಾಲ್ಲೂಕು, ಹೆತ್ತೂರು ಕಡೆ ಇಪ್ಪತ್ತೆರಡು ಎಕರೆ ತೋಟ. ಮುಕ್ಕಾಲು ಪಾಲು ರೋಬಸ್ಟಾ, ಮೇಲಿನ ದಿಣ್ಣೆಯಲ್ಲಿ ಸ್ವಲ್ಪ ಅರೇಬಿಕಾ, ಮರಗಳಿಗೆಲ್ಲ ಮೆಣಸು. ಕೆಳಗೆ ಹಳ್ಳದ ಪಕ್ಕ ಒಂದು ತುಂಡು ಅಡಿಕೆ. ಮನೆ, ಕಣ ಎರಡೂ ಮೇಲೆ. ಅಂದ್ರೆ ಕೊಯ್ದ ಹಣ್ಣೆಲ್ಲ ಮೇಲಕ್ಕೆ ಬರಬೇಕು. ಗೊಬ್ಬರ, ಸುಣ್ಣ, ಮೈಲುತುತ್ತ, ಸ್ಪ್ರಿಂಕ್ಲರ್ ಪೈಪು ಎಲ್ಲ ಕೆಳಕ್ಕೆ ಹೋಗಬೇಕು.

ಹಳೇ ಜೀಪು ಇದೆ, ಆದ್ರೆ ಅದು ದೊಡ್ಡ ದಾರಿಗೆ ಮಾತ್ರ. ಒಳಗೆ ಮೂಟೆ ಹೊರೋಕೆ ಈಗ ಜನ ಸಿಗ್ತಿಲ್ಲ. ಸಿಕ್ಕವರನ್ನು ಹೊರಿ ಅಂತ ಕೇಳೋಕೆ ನಮಗೇ ಮನಸ್ಸಿಲ್ಲ. ಹಾಗಾಗಿ ಎಟಿವಿ ಯೋಚನೆ ಬಂತು, ಅದೇ ಬೈಕಿನ ಥರ ಹ್ಯಾಂಡಲ್ ಇರೋ ನಾಲ್ಕು ಚಕ್ರದ ಗಾಡಿ.

ಮುಂದೆ ಮೂರು ದಾರಿ ಇದೆ. ಒಂದು, ರೆಸಾರ್ಟ್‌ನವರು ಮಾರ್ತಿರೋ ಹಳೇ 200 ಸಿಸಿ ಗಾಡಿ, ಅಗ್ಗಕ್ಕೆ ಸಿಗುತ್ತೆ. ಎರಡು, ಹೊಸ ಪೊಲಾರಿಸ್ ಕಂಪನಿಯ ಸ್ಪೋರ್ಟ್ಸ್‌ಮನ್ 570. ಮೂರನೆಯದು ಬೆಂಗಳೂರಿನ ನಮ್ಮ ಭಾವನ ಸಲಹೆ: "ತಗೊಳ್ಳೋದೇ ಆದ್ರೆ 850 ತಗೋ, ಆಮೇಲೆ ಸಾಲಲಿಲ್ಲ ಅಂತ ಕೊರಗಬೇಡ." ಭಾವ ತೋಟಕ್ಕೆ ಬರೋದು ಯುಗಾದಿಗೆ.

ಇನ್ನೆರಡು ವಿಷಯ. ಗಾಡಿ ಜಾಸ್ತಿ ಓಡಿಸೋದು ನಮ್ಮ ಅಪ್ಪ, ಎಪ್ಪತ್ತರ ಹತ್ತಿರದ ವಯಸ್ಸು. ಹೈಸ್ಕೂಲಿನಲ್ಲಿರೋ ಮಗನೂ ಆಗ್ಲೇ ಹೆಲ್ಮೆಟ್ ಕೇಳ್ತಿದ್ದಾನೆ. ಮತ್ತೆ ತೋಟದ ನಡುವೆ ಪಂಚಾಯ್ತಿ ಟಾರು ರಸ್ತೆ ಹೋಗಿದೆ. ಆ ಕಡೆ ಆರು ಎಕರೆ ಇದೆ. ಎಷ್ಟು ಸಿಸಿ ತಗೊಂಡ್ರೆ ಸರಿ?

ಕಳಸದ ಕಾಡುಪಾಪ:

ಎಟಿವಿ ಅಂದ್ರೆ ರೆಸಾರ್ಟ್‌ನವರ ಆಟಿಕೆ ಸ್ವಾಮಿ. ಆ ದುಡ್ಡಿಗೆ ಪವರ್ ಟಿಲ್ಲರ್, ಟ್ರೈಲರ್ ತಗೊಂಡು, ಉಳಿದದ್ದರಲ್ಲಿ ಜೆಸಿಬಿ ಕರೆಸಿ ಒಳದಾರಿ ಅಗಲ ಮಾಡಿಸಿ. ಜೀಪೇ ಎಲ್ಲಾ ಕಡೆ ಹೋಗುತ್ತೆ.

ಮೂಡಿಗೆರೆ ಮಳೆ:

ಮೇಲಿನವರು ಹೇಳಿದ್ದು ಎಲ್ಲ ತೋಟಕ್ಕೂ ಆಗಲ್ಲ. ಇಳಿಜಾರಲ್ಲಿ ಜೆಸಿಬಿ ದಾರಿ ಕೊರೆದ್ರೆ ಒಂದೇ ಮಳೆಗಾಲಕ್ಕೆ ಮೇಲಿನ ಮಣ್ಣು ಹಳ್ಳ ಸೇರುತ್ತೆ. ಗಿಡದ ಬೇರೂ ಹೊರಗೆ ಬರುತ್ತೆ. ನಾನು ಮೂಡಿಗೆರೆ ಕಡೆಯವನು, ನಮ್ಮಲ್ಲಿ 570 ಇದೆ. ಸ್ವಲ್ಪ ಉದ್ದ ಬರೀತೀನಿ, ಬೇಜಾರು ಮಾಡ್ಕೋಬೇಡಿ.

ಮೊದಲು ಸಿಸಿ ಬಿಡಿ, ಕೆಜಿ ನೋಡಿ. ಗಾಡಿ ಮೇಲೆ ಎಷ್ಟು ಹೇರಬಹುದು ಅಂತ ಕಂಪನಿಯವರೇ ಮಿತಿ ಬರೆದಿರ್ತಾರೆ. ಸ್ಪೋರ್ಟ್ಸ್‌ಮನ್ 570ರ ಮುಂದಿನ ಕ್ಯಾರಿಯರ್‌ಗೆ ಸುಮಾರು 40 ಕೆಜಿ, ಹಿಂದಿನದಕ್ಕೆ 80 ಕೆಜಿ. ಯೂರಿಯಾ ಮೂಟೆ ಈಗ 45 ಕೆಜಿ. ಎರಡು ಮೂಟೆ ಹಿಂದೆ ಹಾಕಿದ್ರೆ 90 ಆಯ್ತು. ಅಷ್ಟು ದೊಡ್ಡ ಗಾಡಿಗೂ ಎರಡು ಮೂಟೆ ಜಾಸ್ತಿನೇ! ಹೋಂಡಾ ರ‍್ಯಾಂಚರ್ 420 ಅಂತ ಹೊರದೇಶದಲ್ಲಿ ಹೆಸರಾದ ಗಾಡಿ ಇದೆ, ಅದಕ್ಕೆ ಹಿಂದೆ 60 ಕೆಜಿ ಮಾತ್ರ. ಹಾಗಾಗಿ ನಿಮಗೆ ಟ್ರೈಲರ್ ಬೇಕೇ ಬೇಕು. ಅದನ್ನು ಈಗಲೇ ಬಜೆಟ್‌ಗೆ ಸೇರಿಸ್ಕೊಳ್ಳಿ.

ಈಗ ಎಳೆಯೋ ಲೆಕ್ಕಕ್ಕೆ ಬನ್ನಿ. ನಿಮ್ಮ ಭಾವನಿಗೆ ಇದನ್ನ ತೋರಿಸಿ. ಅಮೆರಿಕದಲ್ಲಿ ಮಾರೋ ಸ್ಪೋರ್ಟ್ಸ್‌ಮನ್ 450ಗೆ 33 ಎಚ್‌ಪಿ, 570ಗೆ 44 ಎಚ್‌ಪಿ. ಎಳೆಯೋ ಮಿತಿ ಮಾತ್ರ ಎರಡಕ್ಕೂ ಒಂದೇ, ಸುಮಾರು 610 ಕೆಜಿ. 850ಗೆ 78 ಎಚ್‌ಪಿ. ಅದು ಎಳೆಯೋದು ಸುಮಾರು 680 ಕೆಜಿ. ಎಂಜಿನ್ ಹತ್ತಿರ ಹತ್ತಿರ ಎರಡು ಪಟ್ಟು, ಎಳೆಯೋದು ಬರೀ 70 ಕೆಜಿ ಹೆಚ್ಚು. ಒಂದೂವರೆ ಮೂಟೆ ಯೂರಿಯಾಗೆ ಭಾವ ಎಷ್ಟು ಲಕ್ಷ ಕೊಡ್ತಾರೆ ಕೇಳಿ. ಹೀಗೇಕೆ ಅಂದ್ರೆ, ಎಷ್ಟು ಎಳೀಬಹುದು ಅನ್ನೋದನ್ನ ಎಂಜಿನ್ ಒಂದೇ ತೀರ್ಮಾನ ಮಾಡಲ್ಲ. ಚಾಸಿ, ಬ್ರೇಕು, ಹಿಂದಿನ ಕೊಕ್ಕೆ, ಗಾಡಿಯ ಸ್ವಂತ ತೂಕ ಎಲ್ಲ ಸೇರಿ ತೀರ್ಮಾನ ಆಗೋದು. ಮತ್ತೆ ಇವೆಲ್ಲ ಸಮತಟ್ಟು ನೆಲದ ಲೆಕ್ಕ. ಏರಿಳಿತ ಇದ್ದಲ್ಲಿ ಇನ್ನೂ ಕಡಿಮೆ ಮಾಡ್ಕೊಬೇಕು. ನಾವು ಅರ್ಧದ ಮೇಲೆ ಹೋಗಲ್ಲ.

ಹೆಚ್ಚಿನ ಎಚ್‌ಪಿ ಹೋಗೋದು ವೇಗಕ್ಕೆ. ತೋಟದಲ್ಲಿ ವೇಗ ಯಾರಿಗೆ ಬೇಕು?

ಹಾಗಂತ 200 ಸಾಕು ಅಂತಲೂ ಅಲ್ಲ. ಅಂಥ ಗಾಡಿಗಳಲ್ಲಿ ಹಿಂದಿನ ಎರಡು ಚಕ್ರಕ್ಕೆ ಮಾತ್ರ ಡ್ರೈವ್. ಹೆಚ್ಚಿನವು ಗಾಳಿಯಿಂದಲೇ ತಣ್ಣಗಾಗೋ ಎಂಜಿನ್. ಭಾರ ಹೊತ್ತು ನಿಧಾನಕ್ಕೆ ಹೋಗೋಕೆ ಬೇಕಾದ ಲೋ ಗೇರ್ ಇರಲ್ಲ. ನಡೆಯೋ ವೇಗದಲ್ಲಿ, ಹೇರಿಕೊಂಡು, ಏರು ಹತ್ತಿಸುವಾಗ ಎಂಜಿನ್‌ಗೆ ಗಾಳಿಯೇ ಬಡಿಯಲ್ಲ, ಕಾದುಹೋಗುತ್ತೆ. ಇದರ ಜೊತೆಗೆ ನಮ್ಮ ಎತ್ತರ. ಟರ್ಬೊ ಇಲ್ಲದ ಎಂಜಿನ್ ಪ್ರತಿ 300 ಮೀಟರ್ ಮೇಲೇರಿದಂತೆ ಶೇ. 3ರ ಆಸುಪಾಸು ಶಕ್ತಿ ಕಳ್ಕೊಳ್ಳುತ್ತೆ. ನಿಮ್ಮ ಊರಿನ ಎತ್ತರಕ್ಕೆ ಹತ್ತನೇ ಒಂದು ಪಾಲು ಹೋಯ್ತು ಅಂತ ಇಟ್ಕೊಳ್ಳಿ. 570ಗೆ ಅದು ಗೊತ್ತೇ ಆಗಲ್ಲ. 200ಗೆ ಗೊತ್ತಾಗುತ್ತೆ.

ಆದ್ರೆ ನಿಮ್ಮ ಪ್ರಶ್ನೆಯಲ್ಲಿ ನನ್ನ ಕಣ್ಣಿಗೆ ಬಿದ್ದ ಮಾತು ಬೇರೆ. "ಎಲ್ಲ ಕೆಳಕ್ಕೆ ಹೋಗಬೇಕು" ಅಂದ್ರಲ್ಲ, ಅದು. ಎಲ್ಲರೂ ಏರಿನ ಬಗ್ಗೆನೇ ಕೇಳ್ತಾರೆ. ಏರಲ್ಲಿ ಆಗಲಿಲ್ಲ ಅಂದ್ರೆ ಗಾಡಿ ನಿಲ್ಲುತ್ತೆ, ಇಳಿದು ಎರಡು ಮೂಟೆ ಕೆಳಗಿಟ್ಟರೆ ಮುಗೀತು. ಇಳಿಜಾರಲ್ಲಿ ಆಗಲಿಲ್ಲ ಅಂದ್ರೆ ನಿಲ್ಲಲ್ಲ. ಜುಲೈ ತಿಂಗಳ ಕೆಂಪು ಜೇಡಿ ಮಣ್ಣು, ಮೇಲೆ ಸಿಲ್ವರ್ ಓಕ್ ಎಲೆ ನೆಂದು ಪದರ ಪದರವಾಗಿ ಕೂತಿರುತ್ತೆ. ಬ್ರೇಕು ಒತ್ತಿದ ಕೂಡ್ಲೇ ಚಕ್ರ ತಿರುಗೋದು ನಿಲ್ಲುತ್ತೆ, ಗಾಡಿ ಮಾತ್ರ ಹೋಗ್ತಾನೇ ಇರುತ್ತೆ. ಹಿಂದಿನಿಂದ ಟ್ರೈಲರ್ ದೂಡುತ್ತೆ, ಗಾಡಿಯ ಹಿಂಭಾಗ ಪಕ್ಕಕ್ಕೆ ಸರಿಯೋಕೆ ಶುರುವಾಗುತ್ತೆ. ಆಗ ಕಾಪಾಡೋದು ಎಂಜಿನ್ ಬ್ರೇಕಿಂಗ್, ಅಂದ್ರೆ ಆಕ್ಸಿಲರೇಟರ್ ಬಿಟ್ಟಾಗ ಎಂಜಿನ್ನೇ ಚಕ್ರಗಳನ್ನ ಹಿಡಿದು ನಿಧಾನ ಮಾಡೋದು. ಸ್ಕೂಟರ್ ಥರ ಬೆಲ್ಟಿನ ಮೂಲಕ ಚಕ್ರಕ್ಕೆ ಶಕ್ತಿ ಹೋಗೋ ಇಂಥ ಗಾಡಿಗಳಲ್ಲಿ ಅದು ತಾನಾಗೇ ಬರಲ್ಲ. ಆಕ್ಸಿಲರೇಟರ್ ಬಿಟ್ಟರೆ ಕೆಲವು ಗಾಡಿ ನ್ಯೂಟ್ರಲ್‌ನಲ್ಲಿ ಇದ್ದಂಗೆ ಜಾರುತ್ತೆ. ಹಾಗಾಗಿ "ಎಷ್ಟು ಸಿಸಿ" ಅಂತ ಕೇಳೋ ಮೊದಲು "ಇದರಲ್ಲಿ ಎಂಜಿನ್ ಬ್ರೇಕಿಂಗ್ ಇದೆಯಾ, ನಾಲ್ಕೂ ಚಕ್ರಕ್ಕೆ ಬರುತ್ತಾ" ಅಂತ ಕೇಳಿ. ಒಂದೇ 570ರಲ್ಲಿ ಕೆಲವು ಮಾದರಿಗೆ ಇರುತ್ತೆ, ಕೆಲವಕ್ಕೆ ಇರಲ್ಲ.

570ರ ಅಗಲ ನಾಲ್ಕು ಅಡಿ. ರೋಬಸ್ಟಾ ಹತ್ತಡಿ ಅಂತರದಲ್ಲಿ ಇದ್ರೆ, ಚಿಗುರು ತೆಗೆದ ಮೇಲೆ ಸಾಲಿನ ನಡುವೆ ನುಗ್ಗುತ್ತೆ. ಅರೇಬಿಕಾ ಆರಡಿ ಅಂತರದಲ್ಲಿ ಯಾವ ಗಾಡಿಯೂ ಹೋಗಲ್ಲ, ಅಲ್ಲಿ ತಲೆಹೊರೆಯೇ ಗತಿ.

ಟಾರು ರಸ್ತೆ ಮಾತು. ಸಾಮಾನ್ಯ ಎಟಿವಿಗೆ ನಮ್ಮಲ್ಲಿ ನೋಂದಣಿ ಇಲ್ಲ, ರಸ್ತೆಗೆ ಇಳಿಸೋ ಹಾಗಿಲ್ಲ. ಸ್ಪೋರ್ಟ್ಸ್‌ಮನ್ 570ರಲ್ಲಿ ಟ್ರ್ಯಾಕ್ಟರ್ ಅಂತ ಪ್ರಮಾಣಪತ್ರ ಪಡೆದ ಮಾದರಿ ಬಂದಿದೆ, ಅದನ್ನ ನೋಂದಣಿ ಮಾಡಿಸಬಹುದು. ಮೊದಲು ಬಂದಾಗ ಎಂಟು ಲಕ್ಷದ ಹತ್ತಿರ ಇತ್ತು. ಆ ಕಡೆಯ ಆರು ಎಕರೆಗೆ ದಿನಾ ರಸ್ತೆ ದಾಟಬೇಕಾದ್ರೆ ನಿಮ್ಮ ಪ್ರಶ್ನೆಗೆ ಅರ್ಧ ಉತ್ತರ ಅಲ್ಲೇ ಸಿಕ್ಕಿತು. ಆರ್‌ಟಿಒ ಕಾಗದ ಕಣ್ಣಾರೆ ನೋಡದೆ ಮುಂಗಡ ಕೊಡಬೇಡಿ.

ಹಾಸನ ಸ್ಪ್ಯಾನರ್:

ನಾನು ಗ್ಯಾರೇಜಿನವನು. ಸುತ್ತಮುತ್ತಲಿನ ತೋಟ, ಹೋಂಸ್ಟೇಗಳ ಎಟಿವಿ ನಮ್ಮಲ್ಲಿಗೆ ಬರ್ತವೆ. ಮೂಡಿಗೆರೆಯವರು ಹೇಳಿದ್ದಕ್ಕೆ ನನ್ನದೂ ಸೈ. ರೆಸಾರ್ಟ್ ಗಾಡಿ ಬಗ್ಗೆ ಎರಡು ಮಾತು.

ರೆಸಾರ್ಟ್ ಗಾಡಿಗೆ ದಿನಕ್ಕೊಬ್ಬ ಡ್ರೈವರ್. ಯಾರಿಗೂ ಓಡಿಸೋಕೆ ಬರಲ್ಲ. ಬ್ರೇಕು ಹಿಡ್ಕೊಂಡೇ ಆಕ್ಸಿಲರೇಟರ್ ಒತ್ತಿರ್ತಾರೆ. ನೋಡೋಕೆ ಹೋದಾಗ ಬೆಲ್ಟಿನ ಕವರ್ ಬಿಚ್ಚಿಸಿ. ಬಿಚ್ಚಲ್ಲ ಅಂದ್ರೆ ವಾಪಸ್ ಬನ್ನಿ. ಒಳಗೆ ಕಪ್ಪು ಪುಡಿ ತುಂಬಿ, ಬೆಲ್ಟಿನ ಅಂಚು ಬಳೆ ಥರ ಹೊಳೀತಿದ್ರೆ ಅದು ಜಾರಿ ಜಾರಿ ಸುಟ್ಟ ಬೆಲ್ಟು. ಒಂದೇ ಕಡೆ ಸವೆದು ತೆಳ್ಳಗಾಗಿದ್ರೆ, ಗಾಡಿ ಎಲ್ಲೋ ಸಿಕ್ಕಾಕೊಂಡಾಗ ಯಾರೋ ರೇಸ್ ಮಾಡಿದ್ದಾರೆ ಅಂತ ಅರ್ಥ. ಆಮೇಲೆ ಹಿಂದಿನ ಚಕ್ರ ಮೇಲೆತ್ತಿ ಎರಡೂ ಕೈಯಲ್ಲಿ ಹಿಡಿದು ಅಲ್ಲಾಡಿಸಿ. ಟಕ ಟಕ ಅಂದ್ರೆ ಆಕ್ಸಲ್ ಬೇರಿಂಗ್ ಮುಗಿದಿದೆ. ಸ್ಟಿಕರ್‌ನಲ್ಲಿರೋ ಸಿಸಿ ನಂಬಬೇಡಿ. 250 ಅಂತ ಅಂಟಿಸಿರೋ ಗಾಡಿಯ ಎಂಜಿನ್ ಬಿಚ್ಚಿದಾಗ ಒಳಗೆ ಅದಕ್ಕಿಂತ ಚಿಕ್ಕದು ಇದ್ದದ್ದು ನಾನೇ ನೋಡಿದ್ದೀನಿ.

570 ತಗೊಂಡವರೂ ಮಾಡೋ ಕೆಲಸ ಒಂದಿದೆ. ಟ್ರೈಲರ್ ಹಾಕ್ಕೊಂಡು ಹೈ ಗೇರಿನಲ್ಲೇ ಏರು ಹತ್ತಿಸ್ತಾರೆ. ಬೆಲ್ಟು ಜಾರುತ್ತೆ, ಕಾಯುತ್ತೆ, ಸುಟ್ಟ ರಬ್ಬರ್ ವಾಸನೆ ಬರುತ್ತೆ. ಆಮೇಲೆ ಎಂಜಿನ್ ಸಾಲಲ್ಲ, ದೊಡ್ಡದು ತಗೋಬೇಕಿತ್ತು ಅಂತ ನಮ್ಮ ಮುಂದೆ ಗೋಳು. ನಿಧಾನ ಇದ್ದಾಗ, ಭಾರ ಇದ್ದಾಗ ಲೋ ಹಾಕಿ ಅಣ್ಣ. ಅಷ್ಟೇ. ಮತ್ತೆ ರೇಡಿಯೇಟರ್‌ಗೆ ಮೆತ್ತಿದ ಕೆಸರನ್ನ ಆಗಾಗ ನೀರು ಬಿಟ್ಟು ತೊಳೀರಿ. ಜೋರು ಪ್ರೆಷರ್ ಬೇಡ, ರೆಕ್ಕೆ ಮಡಚಿಕೊಳ್ಳುತ್ತೆ.

ಗಿಪ್ಸ್‌ಲ್ಯಾಂಡ್ ಕನ್ನಡಿಗ:

ಆಸ್ಟ್ರೇಲಿಯಾದ ವಿಕ್ಟೋರಿಯಾದಿಂದ ಬರೀತಿದ್ದೀನಿ. ಹಾಲಿನ ಫಾರ್ಮಿನಲ್ಲಿ ಕೆಲಸ, ಇಲ್ಲಿ ಇದನ್ನ ಕ್ವಾಡ್ ಬೈಕ್ ಅಂತಾರೆ. ಸಿಸಿ ಬಗ್ಗೆ ಹೇಳೋಕೆ ಹೊಸದೇನಿಲ್ಲ, ಇಲ್ಲೂ ದನ ನೋಡ್ಕೊಳ್ಳೋಕೆ 400, 500 ಆಸುಪಾಸಿನದ್ದೇ ಜಾಸ್ತಿ.

ಅಪ್ಪ ಓಡಿಸ್ತಾರೆ ಅಂದ್ರಲ್ಲ, ಅದಕ್ಕೆ ಬರೀತಿದ್ದೀನಿ. ಇಲ್ಲಿ ಫಾರ್ಮುಗಳಲ್ಲಿ ಎಷ್ಟೋ ಜನ ಕ್ವಾಡ್ ಮಗುಚಿ ಅದರ ಕೆಳಗೆ ಸಿಕ್ಕಿ ಸತ್ತಿದ್ದಾರೆ. ಅದಕ್ಕೇ 2021ರ ಅಕ್ಟೋಬರ್‌ನಿಂದ ಕೃಷಿ ಕೆಲಸದ ಹೊಸ ಕ್ವಾಡ್‌ಗಳಿಗೆಲ್ಲ ಹಿಂದೆ ರಕ್ಷಣೆಯ ಕಂಬಿ ಕಡ್ಡಾಯ ಮಾಡಿದ್ದಾರೆ. ಗಾಡಿ ಮಗುಚಿದ್ರೂ ಕೆಳಗೆ ಮನುಷ್ಯನಿಗೆ ಜಾಗ ಉಳೀಲಿ ಅಂತ. ಪಕ್ಕಕ್ಕೆ ಸುಮಾರು 28.8 ಡಿಗ್ರಿ ವಾಲಿಸುವವರೆಗೂ ಚಕ್ರ ಮೇಲೇಳಬಾರದು ಅನ್ನೋ ನಿಯಮವೂ ಬಂತು. ಈ ನಿಯಮ ಬಂದಾಗ ಹೋಂಡಾ, ಪೊಲಾರಿಸ್‌ನಂಥ ದೊಡ್ಡ ಕಂಪನಿಗಳೇ ಇಲ್ಲಿ ಕ್ವಾಡ್ ಮಾರೋದನ್ನ ನಿಲ್ಲಿಸ್ತೀವಿ ಅಂದವು. ನೀವು ಯಾವುದೇ ಸಿಸಿ ತಗೊಳ್ಳಿ, ಅಂಥ ಕಂಬಿಯೊಂದನ್ನ ಹಾಕಿಸಿ. 570ರ ತೂಕ 320 ಕೆಜಿ ಹತ್ತಿರ. ಅಪ್ಪ ಒಬ್ಬರೇ ಇದ್ದಾಗ ಮೇಲೆ ಬಿದ್ರೆ ಎತ್ತೋರು ಯಾರು?

ಔಷಧಿ ಡ್ರಮ್ಮನ್ನ ಗಾಡಿ ಮೇಲೆ ಇಡಲೇಬೇಡಿ. 200 ಲೀಟರ್ ಅಂದ್ರೆ 200 ಕೆಜಿ. ಅರ್ಧ ತುಂಬಿದ ಡ್ರಮ್ ಇನ್ನೂ ಅಪಾಯ, ಅಡ್ಡ ಇಳಿಜಾರಲ್ಲಿ ನೀರೆಲ್ಲ ತಗ್ಗಿನ ಕಡೆಗೇ ನುಗ್ಗುತ್ತೆ.

ಮಗನಿಗೆ ಹೆಲ್ಮೆಟ್ ಕೊಡಿಸಿ, ಸೈಕಲ್‌ಗೆ ಆಗುತ್ತೆ. ದೊಡ್ಡವರ ಗಾಡಿಯನ್ನ 16 ವರ್ಷ ಆಗದವರು ಓಡಿಸಬಾರದು ಅಂತ ಗಾಡಿ ಮೇಲೇ ಎಚ್ಚರಿಕೆ ಅಂಟಿಸಿರ್ತಾರೆ. ಹಿಂದೆ ಕೂರಿಸ್ಕೊಂಡು ಹೋಗೋದೂ ಬೇಡ. ಸೀಟು ಉದ್ದ ಇರೋದು ಓಡಿಸೋನು ಮುಂದೆ ಹಿಂದೆ ಸರಿಯೋಕೆ, ಇಬ್ಬರು ಕೂರೋಕಲ್ಲ.

ಹೆತ್ತೂರು ರೋಬಸ್ಟಾ:

ತುಂಬಾ ಥ್ಯಾಂಕ್ಸ್. 850 ಮಾತು ಮುಗೀತು, ಭಾವನಿಗೆ 70 ಕೆಜಿ ಲೆಕ್ಕ ಕಳಿಸಿದೆ. "ಹಾಗಾದ್ರೆ ಟ್ರೈಲರ್ ನಾನು ಕೊಡಿಸ್ತೀನಿ" ಅಂದಿದ್ದಾರೆ. ಇದನ್ನ ಇಲ್ಲಿ ಬರೆದು ಸಾಕ್ಷಿ ಇಡ್ತಿದ್ದೀನಿ. ರೆಸಾರ್ಟ್ ಗಾಡಿ ನೋಡೋಕೆ ಹೋಗಿದ್ದೆ. ಬೆಲ್ಟಿನ ಕವರ್ ಬಿಚ್ಚಿ ಅಂದೆ, ಬೋಲ್ಟ್ ತುಕ್ಕು ಹಿಡಿದಿದೆ ಅಂದ್ರು. ವಾಪಸ್ ಬಂದೆ.

ಅಪ್ಪನಿಗೆ ಪವರ್ ಸ್ಟೀರಿಂಗ್ ಬೇಕಾ? ಮತ್ತೆ ಡೆಮೊ ಕೊಡ್ತೀವಿ ಅಂದಿದ್ದಾರೆ, ಏನೇನು ನೋಡ್ಲಿ?

ಮೂಡಿಗೆರೆ ಮಳೆ:

ಪವರ್ ಸ್ಟೀರಿಂಗ್ ಬೇಕು. ಬೇರೆ ಯಾವುದನ್ನ ಬೇಕಾದ್ರೂ ಬಿಡಿ. ಫೋರ್‌ವೀಲ್ ಹಾಕಿದಾಗ ಹ್ಯಾಂಡಲ್ ಬಿಗಿಯಾಗುತ್ತೆ, ಕಲ್ಲಿಗೆ ಚಕ್ರ ಬಡಿದ್ರೆ ಮಣಿಕಟ್ಟಿಗೆ ಏಟು ಬೀಳುತ್ತೆ. ಆ ವಯಸ್ಸಿನವರಿಗೆ ಅದು ಸಣ್ಣ ವಿಷಯ ಅಲ್ಲ.

ಡೆಮೊ ಅವರ ಮೈದಾನದಲ್ಲಿ ಬೇಡ, ನಿಮ್ಮ ತೋಟದಲ್ಲೇ ಕೊಡಿ ಅನ್ನಿ. ಮೊದಲು ಖಾಲಿ ಗಾಡಿಯಲ್ಲಿ ಲೋ ಗೇರ್, ಫೋರ್‌ವೀಲ್ ಹಾಕಿ, ಅಡಿಕೆ ತುಂಡಿಗೆ ಇಳಿಯೋ ದಾರಿಯಲ್ಲಿ ಬ್ರೇಕು ಮುಟ್ಟದೆ ಇಳಿಸಿ ನೋಡಿ. ಬೆರಳು ಮಾತ್ರ ಬ್ರೇಕಿನ ಮೇಲೇ ಇರಲಿ. ತಾನಾಗೇ ಹಿಡಿದುಕೊಂಡು ನಿಧಾನಕ್ಕೆ ಇಳಿದ್ರೆ ಸರಿ. ವೇಗ ಏರ್ತಾ ಹೋದ್ರೆ ಆ ಮಾದರಿ ಬೇಡ, ಬೇರೆ ತೋರಿಸಿ ಅನ್ನಿ. ಆಮೇಲೆ ಕ್ಯಾರಿಯರ್‌ನಲ್ಲಿ ಒಂದು ಮೂಟೆ ಇಟ್ಟು ಅದೇ ದಾರಿ, ಈ ಸಲ ಅಪ್ಪನ ಕೈಯಲ್ಲಿ. ಬೆಳಗ್ಗೆ ಇಬ್ಬನಿ ಆರೋಕೆ ಮುಂಚೆ ಕರೆಸಿ, ಮಧ್ಯಾಹ್ನದ ಒಣನೆಲದಲ್ಲಿ ಎಲ್ಲಾ ಗಾಡಿನೂ ಚೆನ್ನಾಗೇ ಓಡ್ತವೆ.

ಟ್ರೈಲರ್‌ನ ಕೊಕ್ಕೆ ಎತ್ತರ ಗಾಡಿಗೆ ಹೊಂದುತ್ತಾ ಅಂತ ನೋಡಿ ತರಿಸಿ. ಇಲ್ಲಾಂದ್ರೆ ಭಾವನ ಹತ್ರ ವೆಲ್ಡಿಂಗ್ ಖರ್ಚನ್ನೂ ಕೇಳಬೇಕಾಗುತ್ತೆ.